ಜಕಾತಿ ಕೊಟ್ಟ ತುಪ್ಪ

ನನಗೆ ಕತೆ ಹೇಳುವ ಚಟ ಅಂಟಿಸಿದವಳು ನನ್ನ ಅಜ್ಜಿ. ಆ ಚಟಕ್ಕೆ ಸಂಬಳ ಕೊಟ್ಟವರು ಪುಣೆಯ ನಮ್ಮ ಸಾಹುಕಾರರು.

ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಅವರ ತುಪ್ಪ-ಬೆಲ್ಲದ ಅಂಗಡಿಗೆ ಗುಮಾಸ್ತನಾಗಿ ಸೇರಿದಾಗ ನನಗೆ ಇಪ್ಪತ್ತೆರಡು ತುಂಬಿತ್ತು. ಆಗಿನ್ನೂ ಬಿಳಿಯರ ರಾಜ್ಯ. ಸಾಹುಕಾರರು ಬೆಳಗಾವಿ ಕಡೆಯವರು, ನಮ್ಮ ಮಾತಿನವರು. ಕನ್ನಡದ ಮಂದಿ ಯಾರೇ ಪುಣೆಗೆ ಬಂದರೂ ಮೊದಲ ದಿನದ ಊಟ ಅವರ ವಾಡೆಯಲ್ಲೇ. ಧರ್ಮಶಾಲೆಗೆ ಹಾಸುಗಲ್ಲು ಹಾಕಿಸಿದ್ದರು. ಗಣಪತಿಗೆ, ಸಪ್ತಾಹಕ್ಕೆ, ಅನಾಥರ ಹೆಣ ಸುಡುವುದಕ್ಕೆ ಕೂಡ ಅವರ ಕೈ ಮುಂದೆ. ಅಂಥವರ ಅನ್ನ ತಿಂದವನು ನಾನು. ಈಗ ಬರೆಯುವುದನ್ನು ಅವರ ಮೇಲಿನ ಸಿಟ್ಟಿನಿಂದ ಬರೆಯುತ್ತಿಲ್ಲ.

ಸೋಮವಾರ ಅಮಾವಾಸ್ಯೆ ಬಂತೆಂದರೆ ಸಾಹುಕಾರರ ದೊಡ್ಡ ಗಾಡಿ ಜೇಜುರಿಗೆ ಹೊರಡುತ್ತಿತ್ತು. ಮರಾಠಿಯವರ ಖಂಡೋಬಾ ನಮಗೆ ಮೈಲಾರಲಿಂಗ. ನಮ್ಮ ಮಂದಿಯಲ್ಲಿ ಗಾಡಿ ಬಾಡಿಗೆ ಕೊಡಲಾರದ ಹತ್ತು ಹನ್ನೆರಡು ಜನರಿಗೆ ಹೋಗಿ ಬರುವುದೆಲ್ಲ ಪುಕ್ಕಟೆ. ಬರುವಾಗ ಗಾಡಿಯಲ್ಲಿ ದೇವರ ಭಂಡಾರದ ಚೀಲಗಳು, ಎಂದರೆ ಅರಿಶಿನ ಪುಡಿ. ಅದನ್ನು ಸಾಹುಕಾರರು ಪೇಟೆಯ ಮನೆಮನೆಗೂ ಪ್ರಸಾದವೆಂದು ಕಳಿಸುತ್ತಿದ್ದರು. ಎಂಥ ಭಕ್ತಿ ಎಂದು ನಾನೂ ಮೊದಲ ಸಲ ಕಣ್ಣು ಒದ್ದೆ ಮಾಡಿಕೊಂಡೆ.

ಎರಡನೆಯ ಸಲ ಹೊರಡುವಾಗ ಸಾಹುಕಾರರು ನನ್ನನ್ನು ಪಡಸಾಲೆಗೆ ಕರೆದರು.

"ಬರೂವಾಗ ಚೀಲದ ಮ್ಯಾಲ ನೀನ ಕೂಡಬೇಕು. ಬ್ಯಾರೆ ಯಾರನ್ನೂ ಕೂಡಸಬ್ಯಾಡ."

"ಯಾಕ್ರಿ ಸಾವ್ಕಾರ್ರ?"

"ಒಳಗ ಡಬ್ಬಿ ಇರ್ತಾವ. ಅಲ್ಲೆ ಕೊಂಡ ತುಪ್ಪದ್ದು. ಸುತ್ತ ಅರಿಶಿಣ ತುಂಬಿರ್ತಾರ. ಅರಿಶಿಣದ ವಾಸನಿ ಮುಂದ ತುಪ್ಪದ ವಾಸನಿ ಏಳಂಗಿಲ್ಲ." ನನ್ನ ಮುಖ ನೋಡಿ ನಕ್ಕರು. "ಹಂಗ್ಯಾಕ ನೋಡ್ತಿ? ಜಕಾತಿ ಯಾರಿಗೆ ಹೋಗ್ತದ? ಬಿಳ್ಯಾರಿಗೆ. ಅವರಿಗೆ ಕೊಡೂದ ಪಾಪ. ಅದ ರೊಕ್ಕದಾಗ ನಾನು ನಿಮ್ಮನ್ನೆಲ್ಲಾ ದೇವರಿಗೆ ಕರಕೊಂಡ ಹೋಗ್ತೀನಿ."

ಜಕಾತಿ ಎಂದರೆ ಊರೊಳಗೆ ತರುವ ಮಾಲಿಗೆ ಊರ ಬಾಗಿಲಲ್ಲಿ ಕಟ್ಟುವ ತೆರಿಗೆ. ಅದು ಬಿಳಿಯರ ಖಜಾನೆಗೆ ಹೋಗುತ್ತಿರಲಿಲ್ಲ. ನಮ್ಮ ವಾಡೆಯ ನಳಕ್ಕೆ ನೀರು, ಓಣಿಗೆ ದೀಪ, ಬಡವರ ಆಸ್ಪತ್ರೆಗೆ ಔಷಧ ಬರುತ್ತಿದ್ದದ್ದು ಅದರಿಂದಲೇ. ಇದು ನನಗೆ ಆಗ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಸಾಹುಕಾರರ ಮಾತು ಕಿವಿಗೆ ಹಿತವಾಗಿತ್ತು, ಅಷ್ಟೆ.

ದಿವೆ ಘಾಟ್ ಇಳಿದು ಬಯಲು ದಾಟಿ ಊರು ಸೇರುವಲ್ಲಿ ಜಕಾತಿ ನಾಕಾ, ಎಂದರೆ ಸುಂಕದ ಕಟ್ಟೆ. ಅಲ್ಲಿಯ ಕಾರಕೂನರು ಮರಾಠಿಯವರು. ತಾಯಿ ವಿಜಾಪುರ ಕಡೆಯವರಾದ್ದರಿಂದ ಕನ್ನಡ ಬರುತ್ತಿತ್ತು. ಭಾರೀ ಕಟ್ಟುನಿಟ್ಟಿನ ಮನುಷ್ಯ. ಸ್ವಂತ ಬೀಗರು ತಂದ ಬೆಲ್ಲದ ಪೆಂಟೆಗೂ ಜಕಾತಿ ಕಟ್ಟಿಸಿಕೊಂಡರೆಂದು ಊರೆಲ್ಲ ನಗುತ್ತಿತ್ತು. ಅಂಥವರು ನಮ್ಮ ಗಾಡಿ ಕಂಡೊಡನೆ ಚಪ್ಪಲಿ ಬಿಟ್ಟು ಬರುತ್ತಿದ್ದರು. ನಾನು ಚೀಲದ ಬಾಯಿ ಬಿಚ್ಚಿ ಅವರ ಹಣೆಗೆ ಭಂಡಾರ ಹಚ್ಚಬೇಕು. ಅವರು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ದೇವರ ಚೀಲದೊಳಗೆ ಕೈ ಹಾಕುವುದು ಅವರ ಕನಸಿಗೂ ಬರಲಿಲ್ಲ. ಅವರು ಲಂಚ ತಿನ್ನುವವರಾಗಿದ್ದರೆ ನನಗೆ ಇಂದು ಎಷ್ಟೋ ಹಗುರಾಗುತ್ತಿತ್ತು.

ಭಂಡಾರ ಹಚ್ಚಿದ ಮೇಲೆ ಕತೆ. ಅಜ್ಜಿ ಹೇಳಿಕೊಟ್ಟ ಮೈಲಾರನ ಕತೆಗಳನ್ನು ಅವಳ ಮಾತಿನಲ್ಲೇ, ಅವಳು ಎಳೆದಲ್ಲಿ ಎಳೆದು, ಅವಳು ನಿಂತಲ್ಲಿ ನಿಂತು ಹೇಳುತ್ತಿದ್ದೆ. ಕಾರಕೂನರಿಗೆ ತಾಯಿಯ ದನಿ ಕೇಳಿದಂತೆ ಆಗುತ್ತಿತ್ತಂತೆ. ಒಳ್ಳೆಯ ಜಾಗಕ್ಕೆ ಬಂದಾಗ ನಾನು ಕತೆ ನಿಲ್ಲಿಸಿ, "ಎತ್ತು ದಣದಾವ್ರಿ ಸಾಹೇಬ್ರ, ಮುಂದಿಂದು ಮುಂದಿನ ಅಮಾಸಿಗೆ" ಎನ್ನುತ್ತಿದ್ದೆ. ಅವರು ನಗುತ್ತ ಅಡ್ಡಗೋಲು ಎತ್ತಿಸುತ್ತಿದ್ದರು. ಸಾಹುಕಾರರಿಗೆ ಇದು ತಿಳಿದು ನನಗೆ ಎರಡು ರೂಪಾಯಿ ಸಂಬಳ ಹೆಚ್ಚು ಮಾಡಿದರು. ಅಜ್ಜಿ ಕತೆಗೆ ಒಂದು ಮುಷ್ಟಿ ಶೇಂಗಾ ಕೂಡ ಕೇಳಿದವಳಲ್ಲ.

ಒಂದು ಸಲದ ಜಾತ್ರೆಗೆ ನಮ್ಮ ಜೊತೆ ಒಬ್ಬ ಕುರುಬರ ಮುದುಕಿ ಇದ್ದಳು. ನಮ್ಮ ಪೇಟೆಯ ಆಚೆ, ನಾಲೆಯ ದಂಡೆಗೆ ಗುಡಿಸಲು. ಮಗ ಕಲ್ಲು ಒಡೆಯುವವನು. ಸೊಸೆ ಬಡವರ ಆಸ್ಪತ್ರೆಯಲ್ಲಿ ಹೆತ್ತು ಒಂಬತ್ತು ದಿನವಾಗಿತ್ತು, ಬಲು ಬಡಕಲಾಗಿದ್ದಳು. ಹರಕೆ ತೀರಿಸಿ ಮುದುಕಿ ಗಾಡಿಗೆ ಬಂದಾಗ ಅವಳ ಮಡಿಲಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಡಿಗೆ. ಜೇಜುರಿ ಹತ್ತಿರ ಕುರಿ ಮೇಯಿಸುತ್ತಿದ್ದ ಅವಳ ತಂಗಿ ಬಾಣಂತಿಗೆಂದು ಕೊಟ್ಟ ತುಪ್ಪ. ಆಡಿನ ಹಾಲಿನದೋ ಎಮ್ಮೆಯದೋ, ಕೇಳಲಿಲ್ಲ. ದಾರಿಯುದ್ದಕ್ಕೂ ಅದನ್ನು ಕೂಸಿನಂತೆ ಹಿಡಿದುಕೊಂಡಿದ್ದಳು.

ಗಾಡಿಯ ಹಿಂದುಗಡೆ ಕುಳಿತರೆ ಅವಳಿಗೆ ಮೊಣಕಾಲು ಜಗ್ಗಿ ಕಣ್ಣೀರು ಬರುತ್ತಿತ್ತು. ನೋಡಲಾರದೆ ನಾನೇ ಎಬ್ಬಿಸಿ ನನ್ನ ಪಕ್ಕ ಚೀಲದ ಮೇಲೆ ಕೂರಿಸಿಕೊಂಡೆ. ಸಾಹುಕಾರರ ಅಪ್ಪಣೆ ನಾನು ಮೀರಿದ್ದು ಅದೊಂದೇ ಸಲ.

ಘಾಟಿನ ಮೊದಲ ಗುಂಡಿಗೆ ಗಾಡಿ ಎತ್ತಿ ಹಾಕಿತು.

"ಯಪ್ಪಾ! ನಿಮ್ಮ ಭಂಡಾರ ಭಾಳ ಗಟ್ಟಿ ಅದಲ್ಲೋ ತಮ್ಮಾ!"

"ಮೈಲಾರಪ್ಪನ ಗಟ್ಟಿ ಅದಾನಬೇ, ಭಂಡಾರ ಮೆತ್ತಗ ಹ್ಯಾಂಗಿದ್ದೀತು?"

ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. ಬೀಳದಂತೆ ಚೀಲವನ್ನು ಒತ್ತಿ ಹಿಡಿದಳು. ಆಮೇಲೆ ಆ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು, ಮತ್ತೊಮ್ಮೆ ಮೂಸಿದಳು. ಸೆರಗಿಗೆ ಕೈ ಒರೆಸಿಕೊಂಡು, "ನೀ ಕತಿ ಹೇಳ್ತಿ ಅಂತಲ್ಲ, ಒಂದು ಹೇಳು" ಎಂದಳು.

ಮೈಲಾರಲಿಂಗ ಕುರುಬರ ಹುಡುಗಿಯನ್ನು ಮೆಚ್ಚಿ ಅವಳ ಕುರಿ ಕಾಯುವ ಆಳಾಗಿ ಸೇರಿದ ಕತೆ ಹೇಳಿದೆ. ಅದೇ ಕತೆಯನ್ನು ನಾಕಾದಲ್ಲಿ ಹೇಳುವುದೆಂದು ಯೋಚಿಸಿದ್ದೆ, ಇಲ್ಲೊಮ್ಮೆ ಬಾಯಿ ಪಾಠ ಮಾಡಿಕೊಂಡಂತಾಯಿತು. ಮುದುಕಿ ನಡುನಡುವೆ ತಿದ್ದಿದಳು. "ಹಂಗಲ್ಲೋ. ಆಕಿ ನಮ್ಮವ್ವ, ನಮಗ ಗೊತ್ತಿಲ್ಲೇನು? ದೇವರು ಅಂತ ಗೊತ್ತಾದ ಮ್ಯಾಲೂ ಆಕಿ ಅವಗ ಕುರಿ ಹಿಕ್ಕಿ ಬಳಿಯಾಕ ಹಚ್ಚಿದ್ಲು!" ನನ್ನ ಅಜ್ಜಿಯೂ ಹೀಗೇ ತೊಡೆ ತಟ್ಟಿ ನಗುತ್ತಿದ್ದಳು. ತೀರಿಹೋದವಳು ಪಕ್ಕದಲ್ಲಿ ಬಂದು ಕುಳಿತಂತೆ ನನಗೆ ಜೀವ ತಂಪಾಯಿತು.

ನಾಕಾ ಕಂಡಾಗ ಬಿಸಿಲು ಏರಿತ್ತು. ಎತ್ತುಗಳಿಗೆ ಹಗುರಾಗಲೆಂದು ಉಳಿದವರೆಲ್ಲ ಇಳಿದು ಹಿಂದೆ ದೂರದಲ್ಲಿ ಹಾಡುತ್ತ ಬರುತ್ತಿದ್ದರು. ಗಾಡಿಯಲ್ಲಿ ನಾನು, ಮುದುಕಿ, ಹೊಡೆಯುವವನು. "ಏಳುಕೋಟಿ ಏಳುಕೋಟಿಗೋ!" ಎಂದು ನಾನು ಮೈಲಾರನ ಜಯಕಾರ ಕೂಗಿದೆ. ಕಾರಕೂನರು ಚಪ್ಪಲಿ ಬಿಟ್ಟು ಬಂದರು. ಹಣೆಗೆ ಹಚ್ಚಿಸಿಕೊಂಡರು. ಪ್ರತಿ ಸಲವೂ ಪದ್ಧತಿಗೆಂದು ಕೇಳುವ ಮಾತನ್ನು ಕೇಳಿದರು.

"ಮಾಲ್ ಏನರ ಅದ ಏನು?"

"ಭಂಡಾರ ಒಂದ ರೀ" ಎಂದೆ.

"ನನ್ನ ಹಂತ್ಯಾಕ ತುಪ್ಪ ಅದ್ರಿ ಯಪ್ಪಾ" ಎಂದಳು ಮುದುಕಿ.

ಆಗತಾನೆ ದೇವರ ಭಂಡಾರ ಅವಳ ಹಣೆಗೂ ಹಚ್ಚಿದ್ದೆ. ಅದು ಹಣೆಯ ಮೇಲಿರುವಾಗ ಸುಳ್ಳು ಹೇಳಿದರೆ ನಾಲಿಗೆ ಸೇದಿ ಹೋಗುತ್ತದೆ ಎಂದು ನಂಬಿದ ಮಂದಿ ಅವರು. ನನ್ನ ಹಣೆಯ ಮೇಲೂ ಇತ್ತು.

ಕಾರಕೂನರು ಗಡಿಗೆ ಎತ್ತಿ ತೂಕ ನೋಡಿದರು. "ಎರಡಾಣೆ ಆಗ್ತದ ಆಜೀ."

"ಎರಡಾಣೆ ಎಲ್ಲಿಂದ ತರಲಿ? ಇದ್ದದ್ದು ದೇವರ ಮುಂದ ಹಾಕಿ ಬಂದೆ. ಬಾಣಂತಿಗೆ ಒಯ್ಯಾಕ ಹತ್ತೀನ್ರಿ."

ಅವರು ಅವಳ ಮಾತಿಗಿಂತ ಹೆಚ್ಚಾಗಿ ಗಾಡಿಯನ್ನು ನೋಡುತ್ತಿದ್ದರು. ನನ್ನತ್ತ ತಿರುಗಿ ಸಂಕೋಚದಿಂದ ಎಂದರು: "ಗಾಡ್ಯಾಗ ಒಂದು ಮಾಲ್ ಸಿಕ್ತಂದ್ರ ಪೂರಾ ಗಾಡಿ ಬಿಚ್ಚಿಸಿ ಝಡತಿ ತಗೋಬೇಕು, ಕಾಯದೆ ಅದ. ಈಕಿ ನಿಮ್ಮ ಪೈಕಿನ ಏನು?"

ನನ್ನ ಸೊಂಟದ ಚೀಲದಲ್ಲಿ ಎಂಟಾಣೆ ಇತ್ತು. ಕೊಟ್ಟರೆ ಅವಳು ನಮ್ಮವಳಾಗುತ್ತಾಳೆ, ಗಾಡಿ ಬಿಚ್ಚಿಸುತ್ತಾರೆ, ಡಬ್ಬಿಗಳು ಹೊರಬೀಳುತ್ತವೆ. ಇಷ್ಟು ಲೆಕ್ಕ ಹಾಕಲು ನನಗೆ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

"ಅಲ್ರಿ ಸಾಹೇಬ್ರ. ಯಾರೋ ಏನೋ. ಕಾಲು ನೋವು ಅಂದ್ಲು, ದಾರ್ಯಾಗ ಹತ್ತಿಸಿಕೊಂಡ್ವಿ."

ಮುದುಕಿ ನನ್ನ ಮುಖ ನೋಡಿದಳು. ಬೈಯುತ್ತಾಳೆ, ಎಲ್ಲವನ್ನೂ ಬಯಲು ಮಾಡುತ್ತಾಳೆ ಎಂದು ನಾನು ಕಾಯ್ದೆ. ಅವಳು ಕೂತಿದ್ದ ಚೀಲದ ಮೇಲೆ ಒಮ್ಮೆ ಕೈಯಾಡಿಸಿ, "ಹೌದ್ರಿ ಯಪ್ಪಾ. ದಾರ್ಯಾಗ ಹತ್ತೀನಿ. ಇವರಿಗೆ ನಾ ಯಾರಂಬೂದ ಗೊತ್ತಿಲ್ಲ" ಎಂದಳು. ಗಾಲಿ ಹಿಡಿದುಕೊಂಡು ತಾನಾಗಿಯೇ ಇಳಿದಳು. ನಾನು ಕೈಯನ್ನೂ ಕೊಡಲಿಲ್ಲ. ಕಾರಕೂನರು ಸಮಾಧಾನದ ಉಸಿರು ಬಿಟ್ಟು ಅಡ್ಡಗೋಲು ಎತ್ತಿಸಿದರು. ತಿರುಗಿ ನೋಡಿದಾಗ ಅವಳು ಬೇವಿನ ಗಿಡದ ಕೆಳಗೆ ಗಡಿಗೆ ಇಟ್ಟುಕೊಂಡು ಕುಳಿತಿದ್ದಳು. ಹಿಂದೆ ಬರುತ್ತಿದ್ದವರು ಬೇವಿನ ಹತ್ತಿರ ಬರುವಷ್ಟರಲ್ಲಿ ನಮ್ಮ ಗಾಡಿ ತಿರುವು ದಾಟಿತ್ತು. ಅವರಲ್ಲಿ ಯಾರ ಕೈಯಲ್ಲೂ ಕಾಸಿರಲಿಲ್ಲ. ಕಾಸಿದ್ದವನು ಒಬ್ಬನೇ.

ವಾಡೆಯಲ್ಲಿ ಡಬ್ಬಿಗಳ ಅರಿಶಿನ ಝಾಡಿಸುತ್ತ ಸಾಹುಕಾರರಿಗೆ ನಡೆದದ್ದನ್ನು ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಮುದುಕಿ ಬಂಗಾರದಂಥಾಕಿ ನೋಡು! ಇಬ್ಬರದೂ ಆಕಿನ ಕಟ್ಟಿದ್ಲಂತ ತಿಳಿ." ನನಗೊಂದು ಹೊಸ ಧೋತರ ಕೊಟ್ಟರು. ತೆಗೆದುಕೊಂಡೆ.

ಮರುದಿನ ಮಧ್ಯಾಹ್ನ ಎರಡಾಣೆ ಹಿಡಿದುಕೊಂಡು ನಾಕಾಕ್ಕೆ ಓಡಿದೆ. ಕಾರಕೂನರು ತಲೆ ಅಲ್ಲಾಡಿಸಿದರು. "ಆಕಿ ನಿನ್ನೇನ ಹೋದ್ಲು. ನನ್ನ ಕಿಸೇದಿಂದ ಕಟ್ತೀನಿ ಅಂದೆ. ದೇವರಿಗೆ ಹೋಗಿ ಬಂದ ದಿನಾ ದಾನಾ ತಗೋಬಾರದಂತ, ಕೇಳಲಿಲ್ಲ. ಖಾನಾವಳಿಯವ ಒಬ್ಬ ಬಂದಿದ್ದ, ಆಕಿ ಅಡಚಣಿ ನೋಡಿ ಅರ್ಧ ಗಡಿಗಿ ಬರೇ ನಾಲ್ಕಾಣೆಗೆ ಹೊಡಕೊಂಡ. ಅದರಾಗ ಪೂರಾ ಗಡಿಗೀ ಜಕಾತಿ ಕಟ್ಟಿದ್ಲು." ಕೂಡಲು ಮಣೆ ಸರಿಸಿ, "ನಿನ್ನೆ ಗಡಬಡಿಯೊಳಗ ಕತಿ ಉಳೀತಲ್ಲ. ಇವತ್ತು ಹೇಳು" ಎಂದರು.

"ಮರತೇನ್ರಿ" ಎಂದೆ.

ನಾಲೆಯ ದಂಡೆಯ ಗುಡಿಸಲಿಗೆ ಹೋದಾಗ ಬಾಣಂತಿ ಒಳಗೆ ಮಲಗಿದ್ದಳು, ಕೂಸು ಮುಲುಗುತ್ತಿತ್ತು. ಮುದುಕಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟು ಎರಡಾಣೆ ಚಾಚಿದೆ.

"ಇಟ್ಕೋ, ಇಟ್ಕೋ" ಎಂದಳು. "ಉಂಡಿಲ್ಲ ಕಾಣತದ. ಮುಖ ಬಾಡೇತಿ, ಕೂಡು."

ಬಿಸಿ ರೊಟ್ಟಿಯನ್ನು ಅಂಗೈಗೆ ಹಾಕಿದಳು. ಗೂಡಿನಿಂದ ಗಡಿಗೆ ಇಳಿಸಿದಳು. ಅದು ಈಗ ಹಗುರಾಗಿತ್ತು, ಒಂದೇ ಕೈಯಲ್ಲಿ ಎತ್ತಿದಳು. ಬಾಣಂತಿಯ ಪಾಲಿನದು, ಬೇಡ ಎಂದು ನಾನು ರೊಟ್ಟಿ ಹಿಂದಕ್ಕೆ ಎಳೆದುಕೊಂಡೆ. ಅವಳು ಬಿಡದೆ ಬೆರಳಿನಿಂದ ಒಂದಿಷ್ಟು ತುಪ್ಪ ಸವರಿದಳು.

"ತಿನ್ನೋ ತಮ್ಮಾ, ಅಂಜಬ್ಯಾಡ. ಇದಕ್ಕ ಜಕಾತಿ ಕೊಟ್ಟದ್ದದ."

ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನುಂಗಲು ಸುಲಭವಾಗುತ್ತಿತ್ತು.

ಆಮೇಲೆ ಆ ಚೀಲಗಳ ಮೇಲೆ ಕೂರಲಿಲ್ಲ ಎಂದು ಬರೆಯಬೇಕೆಂದು ಬಹಳ ಆಸೆ ನನಗೆ. ಕುಳಿತೆ, ಇನ್ನೂ ಎರಡು ಸಲ. ಊರಲ್ಲಿ ತಂಗಿಯ ಮದುವೆ ಇತ್ತು, ನೌಕರಿ ಬಿಡುವ ಧೈರ್ಯವಿರಲಿಲ್ಲ. ಮೂರನೆಯ ಸಲ ಗಂಟಲು ಬಿದ್ದಿದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಸಾಹುಕಾರರಿಗೆ ಹಾಡುವವನೊಬ್ಬ ಬೇಗ ಸಿಕ್ಕ.

ಆ ಎರಡು ಸಲದಲ್ಲಿ ಮೊದಲನೆಯದು ಮಾತ್ರ ಕಣ್ಣಿಗೆ ಕಟ್ಟಿದೆ. ಕಾರಕೂನರು ಎಂದಿನಂತೆ ಚಪ್ಪಲಿ ಬಿಟ್ಟು ಬಂದು ಹಣೆ ಒಡ್ಡಿದರು. ನಾನು ಮುಖ ನೋಡದೆ ಹಚ್ಚಿದ್ದಕ್ಕೆ ಅರಿಶಿನ ಅವರ ಮೂಗಿನ ಮೇಲೆಲ್ಲ ಚೆಲ್ಲಿತು. ಅವರು ನಕ್ಕು, ಖಾಲಿ ಕಾಣುತ್ತಿದ್ದ ಗಾಡಿಯೊಳಗೆ ಇಣುಕಿ ಕೇಳಿದರು: "ಆ ಮುದುಕಿ ಈ ಸಲ ದಾರ್ಯಾಗ ಹತ್ತಲಿಲ್ಲೇನು?"

ಬೆಳಿಗ್ಗೆ ಘಾಟಿನಲ್ಲಿ, ಜೇಜುರಿಯಿಂದ ನಡೆದು ಬರುತ್ತಿದ್ದ ಅವಳನ್ನು ದಾಟಿ ಬಂದಿದ್ದೆವು. ಗಾಡಿ ನಿಲ್ಲಿಸಿ ಕರೆದರೂ ಕೋಲಿನಿಂದ ಮುಂದೆ ಹೋಗು ಎಂದು ಸನ್ನೆ ಮಾಡಿದ್ದಳು.

"ಇಲ್ರಿ ಸಾಹೇಬ್ರ" ಎಂದೆ. "ಈಗ ಆಕಿ ನಡಕೊಂಡ ಬರ್ತಾಳ್ರಿ."