ಕೋಟೆಗೋಡೆಯ ಮೇಲೆ ರೊಟ್ಟಿ

ತಾಂಡೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನವರು ಪ್ರವಾಸದ ಮಾತು ಬಂದೊಡನೆ ಸೆರಗು ಸಿಕ್ಕಿಸಿ ರೊಟ್ಟಿ ಬಡಿಯಲು ಕೂರುತ್ತಿದ್ದರು. ಊರು, ರೈಲು, ಕೋಣೆ ಎಲ್ಲ ಆಮೇಲೆ. "ರೊಟ್ಟಿ ಇದ್ರ ಎಲ್ಲಾ ಬರೋಬ್ಬರಿ ಆಗ್ತದ್ರಿ," ಎನ್ನುವರು. ಮೀನಿನ ವಾಸನೆಯ ಹೋಟೆಲಿಗೆ ಅವರು ಕಾಲಿಡುವವರಲ್ಲ. ನಮ್ಮೂರ ಒಣಹವೆಯಲ್ಲಿ ತಿಂಗಳಾದರೂ ಕಟುಂ ಎನ್ನುವ ಕಡಕ್ ರೊಟ್ಟಿ ಕಡಲ ದಂಡೆಯಲ್ಲೂ ಹಾಗೇ ಇರುತ್ತದೆಂದು ನಾವೂ ನಂಬಿದ್ದೆವು.

ಎರಡೂ ಮನೆಯವರು ಕಾರವಾರಕ್ಕೆ ಹೋದೆವು. ಮರುದಿನ ಡಬ್ಬಿ ತೆರೆದರೆ ಕಡಲ ತೇವಗಾಳಿಗೆ ರೊಟ್ಟಿಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು.

"ಇನ್ನ ಉಣ್ಣಾಕ ಏನದ? ವಾಪಸ್ ಹೋಗಮ್ ನಡಿ," ಎಂದರು ಅಕ್ಕನ ಯಜಮಾನರು.

ಅಕ್ಕ ಡಬ್ಬಿ ಎತ್ತಿಕೊಂಡು ನಮ್ಮೊಂದಿಗೆ ಕಡಲ ಪಕ್ಕದ ಗುಡ್ಡದ ಮೇಲಿನ ಹಾಳುಕೋಟೆ ಹತ್ತಿದರು. ಬಿಸಿಲಿಗೆ ಕಾದ ಗೋಡೆಯ ಮೇಲೆ ರೊಟ್ಟಿ ಹರವಿ, ಕಾಗೆ ಓಡಿಸುತ್ತ ಕುಳಿತು, ಕಡಲನ್ನು ಮನಸಾರೆ ನೋಡಿದರು. ಮಧ್ಯಾಹ್ನ ಒಂದನ್ನು ಮುರಿದರು. ಕಟುಂ ಎಂದಿತು.

"ಬರೋಬ್ಬರಿ ಆತು," ಎಂದು ಮೊದಲ ತುಂಡನ್ನು ಯಜಮಾನರ ಕೈಗಿಟ್ಟರು.

ಮುಂದಿನ ವರ್ಷ ನಾನು ಫೋನಿನಲ್ಲಿ ಹೊಸ ಬೀಚುಗಳ ಫೋಟೊ ತೋರಿಸಿದೆ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದರು.

"ಛಂದ ಅದರಿ. ಅಲ್ಲಿ ಬಿಸಲ ಬೀಳೋ ಗ್ವಾಡಿ ಅದ ಏನ್ರಿ?"