ಐರಿನಕ್ಕನ ಹೊಸ ನಂಬರು

ಐರಿನಕ್ಕಾ, ನಿಮ್ಮ ಹೊಸ ನಂಬರನ್ನೂ ನೀವು ಕೆಲಸಕ್ಕೆ ಸೇರಿದ ಕ್ಲಿನಿಕ್ಕಿನ ಹೆಸರನ್ನೂ ನಿಮ್ಮ ಗಂಡನಿಗೆ ಕೊಟ್ಟವನು ನಾನು. ನಿಮ್ಮ ಗೆಳತಿ ಸುಮಾ ಅಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ — ಆಮೇಲೆ ಧೈರ್ಯ ಉಳಿಯದಿದ್ದರೆ...

ನಾನು ಬಸವರಾಜ, ಗದಗಿನವನು. ಒಮಾನಿನ ಅಲ್ ಖೌದ್‌ನ ಮೊಬೈಲ್ ಅಂಗಡಿಯಲ್ಲಿ ಸಿಮ್ ಮಾರುತ್ತಿದ್ದೆ. ನೀವು ಬಂದ ದಿನ ಆ ಸೆಕೆಯಲ್ಲೂ ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡಿದ್ದಿರಿ. ಸಹಿ ಹಾಕಲು ಬಗ್ಗಿದಾಗ ಅದು ಜಾರಿತು — ಗಂಟಲಿನ ಎರಡೂ ಬದಿ ನೀಲಿಗಟ್ಟಿದ ಬೆರಳ ಗುರುತು. ನಾನು ನೋಡಿದೆ. ನೋಡಿದ್ದು ನಿಮಗೂ ತಿಳಿಯಿತು. ಹಳೆಯ ಸಿಮ್ಮನ್ನು ಕೌಂಟರಿನ ಮೇಲೆಯೇ ಮುರಿದು ಹೇಳಿದಿರಿ: “ಈ ಹೊಸ ನಂಬರ್ ಯಾರಿಗೂ ಕೊಡ್ಬೇಡಿ, ಆಯ್ತಾ? ಅವನಿಗೆ ಸಿಕ್ಕಿದ್ರೆ ನನ್ನನ್ನು ಕೊಂದೇ ಹಾಕ್ತಾನೆ.”

“ಇಲ್ರೀ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ,” ಎಂದಿದ್ದೆ.

ಹಾಗಾಗಿ, ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಕಚ್ಚಾ ಎಣ್ಣೆಯ ಬೆಲೆ ಕುಸಿದಿದ್ದ ಕಾಲ. ಘಾಲಾ ಕೈಗಾರಿಕಾ ಪ್ರದೇಶದ ಕಂಪನಿಗಳು ಜನರನ್ನು ಊರಿಗೆ ಅಟ್ಟುತ್ತಿದ್ದವು. ಸಿಮ್ ಕೊಳ್ಳುವವರಿಗಿಂತ ಬಂದ್ ಮಾಡಿಸುವವರೇ ಹೆಚ್ಚು. ನಮ್ಮ ಅಂಗಡಿಯಲ್ಲೇ ಇಬ್ಬರ ನೌಕರಿ ಖಲಾಸ್ ಆಗಿತ್ತು. ಮುಂದಿನವನು ನೀನೇ ಎಂದು ಮ್ಯಾನೇಜರ್ ಹೇಳಿದ್ದ. ಆ ವಾರವೇ ನಿಮ್ಮ ಗಂಡ ನಿಮ್ಮ ಫೋಟೋ ಹಿಡಿದು ಅಂಗಡಿಯಿಂದ ಅಂಗಡಿಗೆ ವಿಚಾರಿಸುತ್ತ ಬಂದ.

“ಮನೆಯಲ್ಲಿ ಸಣ್ಣ ಜಗಳ ಮಾರಾಯ್ರೆ. ನೀವು ನಮ್ಮ ಕನ್ನಡದವರೇ ಅಲ್ವಾ? ನಮ್ಮ ಆಫೀಸಿನ ಲೈನ್ ಎಲ್ಲ ನಿಮ್ಮ ಕೈಯಲ್ಲೇ ಮಾಡಿಸ್ತೇನೆ.”

ಕೌಂಟರಿನ ಮೇಲಿದ್ದ ಅವನ ದಪ್ಪ ಬೆರಳುಗಳನ್ನು ನೋಡಿದೆ. ನಿಮ್ಮ ಕುತ್ತಿಗೆ ನೆನಪಾಯಿತು. ಆದರೂ ಕಂಪ್ಯೂಟರಿನಲ್ಲಿ ನಿಮ್ಮ ಹೆಸರು ಹುಡುಕಿದೆ. ಹೊಸ ನಂಬರು, ಸಿಮ್ ಪಡೆಯುವಾಗ ನೀವು ಬರೆಸಿದ್ದ ಕ್ಲಿನಿಕ್ಕಿನ ಹೆಸರು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಅವನು ತನ್ನ ಆಫೀಸಿನ ಲೈನ್‌ಗಳ ಅರ್ಜಿಗೆ ಸಹಿ ಹಾಕಿದ.

ಮರುದಿನ ಮಧ್ಯಾಹ್ನ ರಸ್ತೆಯಾಚೆಯ ನಿಮ್ಮ ಕ್ಲಿನಿಕ್ಕಿನಿಂದ ಚೀರಾಟ ಕೇಳಿ ಓಡಿದೆ. ಅವನು ನಿಮ್ಮ ಕೂದಲು ಹಿಡಿದು ಮುಖವನ್ನು ಗಾಜಿನ ಬಾಗಿಲಿಗೆ ಬಡಿಯುತ್ತಿದ್ದ. ಗಾಜು ಒಡೆಯಿತು. ಅವನು ನಿಲ್ಲಿಸಲಿಲ್ಲ. ಕೆಳಗೆ ಬಿದ್ದ ನಿಮ್ಮ ಪಕ್ಕೆಗೆ ಬೂಟಿನಿಂದ ಒದ್ದ, ಮತ್ತೆ ಒದ್ದ — ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಬಿಡಿಸಲು ಒಂದು ಹೆಜ್ಜೆ ಮುಂದಿಟ್ಟೆ. ಅವನು ನನ್ನ ಗುರುತು ಹಿಡಿದು ಎಲ್ಲರೆದುರು ಹೇಳಿಬಿಟ್ಟರೆ... ಅಲ್ಲೇ ನಿಂತೆ. ಕೊನೆಗೆ ಔಷಧಿಗೆ ಬಂದಿದ್ದ ವಯಸ್ಸಾದ ಒಮಾನಿಯೊಬ್ಬರು ಹಿಂದಿನಿಂದ ಅವನ ಕೊರಳು ಬಳಸಿ ನೆಲಕ್ಕೆ ಕೆಡವಿದರು.

ನಿಮ್ಮ ಎಡಗಣ್ಣಿನಿಂದ ರಕ್ತ ಸುರಿಯುತ್ತಿತ್ತು. ಒಳಗಿನಿಂದ ಓಡಿಬಂದು ತಲೆ ಎತ್ತಿ ಹಿಡಿದ, ಅಲ್ಲೇ ಕೆಲಸಕ್ಕಿದ್ದ ಸುಮಾ ಅವರನ್ನು ನೀವು ತಳ್ಳಿದಿರಿ.

“ನೀನೇ ಹೇಳಿದ್ದಲ್ವಾ? ನಿನಗೊಬ್ಬಳಿಗೇ ಗೊತ್ತಿದ್ದದ್ದು.”

“ದೇವರಾಣೆ ನಾನಲ್ಲ ಐರಿನ್.” ಅವರು ಅಳುತ್ತಾ ನನ್ನತ್ತ ತಿರುಗಿದರು. “ಅಣ್ಣಾ, ಅವನಿಗೆ ಯಾರು ಹೇಳಿದ್ದು, ನಿಮಗೆ ಗೊತ್ತುಂಟಾ?”

“ನನಗ ಗೊತ್ತಿಲ್ರೀ,” ಎಂದೆ.

ಪೊಲೀಸರಿಗೂ ಅದನ್ನೇ ಹೇಳಿದೆ. ಅವನು ಜೈಲಿಗೆ ಹೋದ. ನೀವು ಒಂದು ಕಣ್ಣು ಕಳೆದುಕೊಂಡು ಉಡುಪಿಗೆ ಮರಳಿದಿರಿ. ಗಂಡನ ಮನೆ ಬಿಟ್ಟು ಬಂದಾಗ ನಿಮಗೆ ತನ್ನ ಕೋಣೆಯಲ್ಲಿ ಜಾಗ ಕೊಟ್ಟ ಸುಮಾ ಅವರೊಡನೆ ಮತ್ತೆ ಮಾತಾಡಲಿಲ್ಲವೆಂದು ಕೇಳಿದೆ. ಅವನ ಸಹಿಯ ಅರ್ಜಿಯಿಂದ ನನ್ನ ನೌಕರಿ ಉಳಿಯಿತು.

ಹೋದ ವಾರ, ಸುಮಾ ಅವರು ಈಗ ಇರುವ ಸಲಾಲಾ ಊರಿಗೆ ಹೋಗಿ ಅವರನ್ನು ಹುಡುಕಿ, ಎಲ್ಲ ಹೇಳಿದೆ. ಅವರು ನನ್ನ ಕೆನ್ನೆಗೆ ಹೊಡೆದರು — ಕೈ ಸೋಲುವವರೆಗೆ. ಆಮೇಲೆ ಬಾಗಿಲಿಗೆ ಒರಗಿ, “ನನಗೆ ಹೇಳಿ ಏನು ಪ್ರಯೋಜನ? ಅವಳಿಗೆ ಹೇಳು,” ಎಂದರು.

ನಿಮಗೆ ತಲುಪಿಸಲೆಂದು ಈ ಪತ್ರವನ್ನು ಅವರ ಕೈಗೇ ಕೊಡುತ್ತಿದ್ದೇನೆ. ಇದರದೇ ಒಂದೊಂದು ನಕಲನ್ನು ಕಂಪನಿಗೂ ಪೊಲೀಸರಿಗೂ ಸಹಿ ಹಾಕಿ ಕೊಟ್ಟಾಗಿದೆ. ಕ್ಷಮೆ ಕೇಳುತ್ತಿಲ್ಲ, ಅಕ್ಕಾ. ಸುಮಾ ಅವರು ಫೋನ್ ಮಾಡಿದರೆ ದಯವಿಟ್ಟು ಎತ್ತಿಕೊಳ್ಳಿ.