ಮನೆಯಲ್ಲಿ ಪಾಸು, ಪ್ರೆಸ್ಸಿನಲ್ಲಿ ಫೇಲು

೧೯೯೮ರಲ್ಲಿ ನಾನು ಜಯನಗರದ ಒಂದು ಸಣ್ಣ ಕಂಪ್ಯೂಟರ್ ಸರ್ವಿಸ್ ಕಂಪನಿಯಲ್ಲಿ ಫೀಲ್ಡ್ ಇಂಜಿನಿಯರ್ ಆಗಿದ್ದೆ. ಹೆಸರು ಕೇಳಲು ದೊಡ್ಡದು. ಕೆಲಸ ಮಾತ್ರ ಸ್ಕೂಟರಿನ ಡಿಕ್ಕಿಯಲ್ಲಿ ಸ್ಕ್ರೂಡ್ರೈವರು, ಬ್ರಷ್ಷು, ಒಂದಷ್ಟು ಫ್ಲಾಪಿಗಳನ್ನು ತುಂಬಿಕೊಂಡು ಬನಶಂಕರಿ, ಜೆ.ಪಿ. ನಗರ, ಕುಮಾರಸ್ವಾಮಿ ಲೇಔಟ್ ಎಂದು ದಿನವಿಡೀ ಸುತ್ತುವುದು. ಕಂಪನಿಯ ಇಂಜಿನಿಯರುಗಳಲ್ಲಿ ನಾನೊಬ್ಬಳೇ ಹೆಂಗಸು. ಬಾಗಿಲು ತೆಗೆದವರು ನನ್ನ ಬೆನ್ನ ಹಿಂದೆ ಇಣುಕಿ, "ಇಂಜಿನಿಯರ್ ಬರ್ಲಿಲ್ವಾ ಮೇಡಂ?" ಎಂದು ಕೇಳುತ್ತಿದ್ದರು. ಮೊದಮೊದಲು ಸಿಟ್ಟು ನೆತ್ತಿಗೇರುತ್ತಿತ್ತು. ಆಮೇಲೆ, "ಬಂದಿದಾರೆ, ಒಳಗೆ ಬಿಟ್ರೆ ಬರ್ತಾರೆ" ಎನ್ನುವುದನ್ನು ರೂಢಿ ಮಾಡಿಕೊಂಡೆ.

ಆ ವರ್ಷ ಗೌರಿ ಹಬ್ಬ ಕಳೆದು ಕೆಲವು ವಾರಗಳಾಗಿದ್ದವು. ಶ್ರೀನಗರದ ಒಂದು ಮನೆಯಿಂದ ಮತ್ತೆ ಮತ್ತೆ ದೂರು ಬರತೊಡಗಿತು. ಮನೆಯ ಸೊಸೆ ಗಿರಿಜಾ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ ಮಾಡುತ್ತಿದ್ದರು. ಎಂದರೆ ಕೈಬರಹದ ಪ್ರತಿಯನ್ನು ಕನ್ನಡದಲ್ಲಿ ಟೈಪ್ ಮಾಡಿ, ಪುಟ ಕಟ್ಟಿ, ಫ್ಲಾಪಿಯಲ್ಲಿ ಹಾಕಿ ಬನಶಂಕರಿಯ ಶಿವಣ್ಣ ಎಂಬವರ ಪ್ರೆಸ್ಸಿಗೆ ತಲುಪಿಸುವ ಕೆಲಸ. ಫ್ಲಾಪಿ ನೋಡದ ಇಂದಿನ ಓದುಗರಿಗಾಗಿ ಹೇಳಬೇಕು: ಅದು ಅಂಗೈಯಗಲದ ಚೌಕಾಕಾರದ ಪ್ಲಾಸ್ಟಿಕ್ ಬಿಲ್ಲೆ. ಒಳಗೆ ತೆಳುವಾದ ಒಂದು ತಟ್ಟೆ, ಅದರ ಮೇಲೆ ಕಾಂತಶಕ್ತಿಯಿಂದ ಬರೆದ ಮಾಹಿತಿ. ಹಿಡಿಯುತ್ತಿದ್ದದ್ದು ೧.೪೪ ಎಂಬಿ. ಈಗಿನ ಫೋನಿನ ಒಂದು ಫೋಟೋ ಕೂಡ ಅದರಲ್ಲಿ ಕೂರುವುದಿಲ್ಲ, ಆದರೆ ಚಿತ್ರವಿಲ್ಲದ ಒಂದಿಡೀ ಪುಸ್ತಕ ಕೂರುತ್ತಿತ್ತು.

ದೂರು ವಿಚಿತ್ರವಾಗಿತ್ತು. ಕರಪತ್ರ, ವಿಸಿಟಿಂಗ್ ಕಾರ್ಡುಗಳಂಥ ಚಿಲ್ಲರೆ ಕೆಲಸದ ಫ್ಲಾಪಿಗಳು ಪ್ರೆಸ್ಸಿನಲ್ಲಿ ಸಲೀಸಾಗಿ ತೆರೆಯುತ್ತಿದ್ದವು. ದೊಡ್ಡ ಕೆಲಸದ ಫ್ಲಾಪಿ ಮಾತ್ರ ಕೈಕೊಡುತ್ತಿತ್ತು. ಹಿಂದಿನ ಸಂಜೆ ಮನೆಯಲ್ಲಿ ಚೆನ್ನಾಗಿ ಓದಿದ ಫ್ಲಾಪಿ, ಮರುದಿನ ಪ್ರೆಸ್ಸಿನ ಕಂಪ್ಯೂಟರಿಗೆ ಹಾಕಿದರೆ ಓದಲಾಗದು ಎಂದು ಹಟ ಹಿಡಿಯುತ್ತಿತ್ತು. ವಾಪಸ್ ಮನೆಗೆ ತಂದರೆ ಅಲ್ಲೂ ಓದುತ್ತಿರಲಿಲ್ಲ. ಹೀಗೆ ಮೂರು ಸಲ ಆಗಿತ್ತು. ನಿಮ್ಮ ಕಂಪ್ಯೂಟರ್ ಕೆಟ್ಟಿದೆ ಎಂದು ಪ್ರೆಸ್ಸಿನವರು, ನಿಮ್ಮ ಡ್ರೈವ್ ಫ್ಲಾಪಿಯನ್ನು ಹಾಳು ಮಾಡುತ್ತಿದೆ ಎಂದು ಗಿರಿಜಾ.

ನನ್ನ ಸಹೋದ್ಯೋಗಿ ಪ್ರಭಾಕರ್ ಎರಡು ಸಲ ಹೋಗಿ ಬಂದಿದ್ದ. ವೈರಸ್ ಹುಡುಕಿದ, ಸಿಗಲಿಲ್ಲ. ಫ್ಲಾಪಿ ಡ್ರೈವಿನ ಹೆಡ್ ಸರಿದಿರಬಹುದು ಎಂದು ಊಹಿಸಿ ಡ್ರೈವನ್ನೇ ಬದಲಿಸಿದ. ತಟ್ಟೆಯನ್ನು ಓದುವ, ಬರೆಯುವ ಮುಳ್ಳಿಗೆ ಹೆಡ್ ಎನ್ನುತ್ತಾರೆ. ಅದು ಕೂದಲೆಳೆಯಷ್ಟು ಆಚೀಚೆ ಸರಿದರೂ ಒಂದು ಡ್ರೈವಿನಲ್ಲಿ ಬರೆದದ್ದನ್ನು ಇನ್ನೊಂದು ಡ್ರೈವ್ ಓದುವುದಿಲ್ಲ. ಊಹೆಯೇನೋ ಒಳ್ಳೆಯದೇ. ಆದರೆ ಹೊಸ ಡ್ರೈವಿನಲ್ಲಿ ಬರೆದ ಮುಂದಿನ ದೊಡ್ಡ ಕೆಲಸವೂ ಮಣ್ಣುಪಾಲಾಯಿತು. ನಮ್ಮ ಕಂಪನಿಯ ಯಜಮಾನರು ದೂರಿನ ವಿವರ ಬರೆದ ಕಾಲ್ ಶೀಟನ್ನು ನನ್ನ ಮೇಜಿನ ಮೇಲಿಟ್ಟು, "ಈ ಸಲ ನೀನು ಹೋಗಮ್ಮ. ಅವನು ಹೋದ್ರೆ ಇನ್ನೊಂದು ಡ್ರೈವ್ ಬದಲಾಯಿಸಿ ಬರ್ತಾನೆ" ಎಂದರು. ಪ್ರಭಾಕರ್ ಪೇಪರಿನಲ್ಲಿ ಮುಖ ಹುದುಗಿಸಿದ.

ನಾನು ಹೋದದ್ದು ಒಂದು ಶುಕ್ರವಾರ ಬೆಳಿಗ್ಗೆ. ಗಿರಿಜಾ ಮೂವತ್ತರ ಆಸುಪಾಸಿನವರು, ಮಾತು ಕಡಿಮೆ, ಬೆರಳು ಚುರುಕು. ಅವರ ಅತ್ತೆ ಪದ್ಮಾವತಮ್ಮ ನಡುಮನೆಯಲ್ಲಿ ಕೂತು ಸೇವಂತಿಗೆ ಕಟ್ಟುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರೇ ಹೊರತು ಒಂದು ಮಾತೂ ಆಡಲಿಲ್ಲ. ಕಂಪ್ಯೂಟರ್ ಮುಂದೆ ಕೂತ ಮೇಲೆ ಗಿರಿಜಾ ದನಿ ತಗ್ಗಿಸಿ ವಿಷಯ ಹೇಳಿದರು. ಒಂದು ಪ್ರೌಢಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಪುಟಗಳು ಸಿದ್ಧವಾಗಿದ್ದವು. ಶನಿವಾರ ಬೆಳಿಗ್ಗೆ ಪ್ರೆಸ್ಸಿಗೆ ತಲುಪಬೇಕು. ಈ ಸಲವೂ ತೆರೆಯದಿದ್ದರೆ ಶಿವಣ್ಣ ಇನ್ನು ಕೆಲಸ ಕೊಡುವುದಿಲ್ಲ. ಗಂಡನಿಗೂ ಸಾಕಾಗಿತ್ತು. ಕಂಪ್ಯೂಟರನ್ನು ಮಾರಿಬಿಡೋಣವೆಂದು, ಕೊಳ್ಳುವವರನ್ನೂ ಗೊತ್ತುಮಾಡಿದ್ದರು. ಅವರು ಭಾನುವಾರ ನೋಡಲು ಬರುವವರಿದ್ದರು.

"ಕೆಲಸ ನಂಗೆ ಬರತ್ತೆ ಮೇಡಂ. ಆದ್ರೆ ಬರತ್ತೆ ಅಂತ ಯಾರೂ ನಂಬ್ತಿಲ್ಲ. ಈಗೀಗ ನಂಗೂ ಅನುಮಾನ ಬರೋಕ್ ಶುರುವಾಗಿದೆ" ಎಂದರು.

ಈ ಮಾತು ನನಗೆ ನೇರವಾಗಿ ನಾಟಿತು. ಬಾಗಿಲಲ್ಲಿ ನಿಂತು ನಾನೇ ಇಂಜಿನಿಯರ್ ಎಂದು ದಿನಾ ಹೇಳಿಕೊಳ್ಳುವವಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಇದರ ಬುಡ ಹುಡುಕದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಪಣ ತೊಟ್ಟೆ.

ಸಂಚಿಕೆಯಷ್ಟೇ ದೊಡ್ಡ ಫೈಲೊಂದನ್ನು ಆ ಡ್ರೈವಿನಲ್ಲೇ ನನ್ನ ಫ್ಲಾಪಿಗೆ ಬರೆದೆ. ಅದನ್ನು ಸ್ಕೂಟರಿನಲ್ಲಿ ಬನಶಂಕರಿಗೆ ಒಯ್ದು ಪ್ರೆಸ್ಸಿನ ಕಂಪ್ಯೂಟರಿಗೆ ಹಾಕಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ತೆರೆಯಿತು. ಗಿರಿಜಾ ಅವರ ಹಳೆಯ ಫ್ಲಾಪಿಗಳ ಪೆಟ್ಟಿಗೆಯಿಂದ ತೆಗೆದ ಇನ್ನೊಂದರಲ್ಲೂ ಬರೆದು ತಂದಿದ್ದೆ, ಅದೂ ತೆರೆಯಿತು. ಶಿವಣ್ಣ ಕೈಕಟ್ಟಿ ನಿಂತು ನೋಡಿದರು.

"ನೀವು ತಂದ್ರೆ ಓದತ್ತೆ, ಆಯಮ್ಮ ತಂದ್ರೆ ಓದಲ್ಲ. ಹಂಗಾದ್ರೆ ತಪ್ಪು ಯಾರ್ದು ನೀವೇ ಹೇಳಿ ಮೇಡಂ. ನಾಳೆ ಬೆಳಿಗ್ಗೆ ತನಕ ಕಾಯ್ತೀನಿ, ಆಮೇಲೆ ನನ್ ದಾರಿ ನಂಗೆ."

ಡ್ರೈವ್ ಸರಿ, ಫ್ಲಾಪಿ ಸರಿ, ಫೈಲ್ ಸರಿ, ಪ್ರೆಸ್ಸೂ ಸರಿ. ಎಲ್ಲವೂ ಸರಿಯಿದ್ದು ಕೆಲಸ ಮಾತ್ರ ಕೆಡುವುದಕ್ಕಿಂತ ದೊಡ್ಡ ತಲೆನೋವು ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ.

ಮಧ್ಯಾಹ್ನ ಮತ್ತೆ ಶ್ರೀನಗರಕ್ಕೆ ಬಂದು ಗಿರಿಜಾರನ್ನು ಪೊಲೀಸರಂತೆ ವಿಚಾರಿಸಿದೆ. ಹೇಗೆ ಒಯ್ಯುತ್ತೀರಿ? ಬಸ್ಸಿನಲ್ಲಿ. ಯಾವುದರಲ್ಲಿ ಇಟ್ಟುಕೊಳ್ಳುತ್ತೀರಿ? ಬಟ್ಟೆ ಚೀಲದಲ್ಲಿ. ಚೀಲ ತರಿಸಿ ನೋಡಿದೆ, ಅದಕ್ಕೊಂದು ಕಬ್ಬಿಣದ ಗುಂಡಿಯೂ ಇರಲಿಲ್ಲ. ಬಿಸಿಲಿಗೆ ಇಡುತ್ತೀರಾ? ಇಲ್ಲ. ಹಿಂದಿನ ಸಂಜೆ ಬರೆದ ಮೇಲೆ ಏನು ಮಾಡುತ್ತೀರಿ?

"ಏನ್ ಮಾಡ್ತೀನಿ? ಮನೇಲೇ ಇರತ್ತೆ ಮೇಡಂ, ಬೆಳಿಗ್ಗೆ ತಗೊಂಡು ಹೋಗ್ತೀನಿ."

ಅಲ್ಲಿಗೆ ನನ್ನ ಬತ್ತಳಿಕೆ ಬರಿದಾಯಿತು. ಗಿರಿಜಾ ನನ್ನೆದುರೇ ಸಂಚಿಕೆಯನ್ನು ಹೊಸ ಫ್ಲಾಪಿಗೆ ಹಾಕಿದರು, ತೆರೆದು ತೋರಿಸಿದರು, ಮೇಲೆ ಲೇಬಲ್ ಅಂಟಿಸಿದರು. ನಾನು ಅತ್ತ ಸಿಪಿಯು ಬಿಚ್ಚಿ, ಕೇಬಲ್ಲುಗಳನ್ನೆಲ್ಲ ಇನ್ನೊಮ್ಮೆ ಸಿಕ್ಕಿಸಿ, ಧೂಳು ಹೊಡೆದು ಮುಚ್ಚಿದೆ. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು, ಸುಮ್ಮನೆ ಕೂರಲು ಆಗದೆ ಮಾಡಿದ ಕೆಲಸ. ಅಷ್ಟರಲ್ಲಿ ಸಂಜೆಯಾಯಿತು, ದೀಪ ಹಚ್ಚಿದರು. ನಾಳೆ ನಾನೂ ಪ್ರೆಸ್ಸಿಗೆ ಬರುತ್ತೇನೆ ಎಂದು ಹೇಳಿ ಬ್ಯಾಗು ಹೆಗಲಿಗೇರಿಸಿದೆ. ಬಾಗಿಲ ಬಳಿ ಹೋಗುವಷ್ಟರಲ್ಲಿ, ಬೆಳಗಿನಿಂದ ಬಾಯಿ ಬಿಡದಿದ್ದ ಪದ್ಮಾವತಮ್ಮನವರ ದನಿ ಕೇಳಿಸಿತು.

"ಶುಕ್ರವಾರ ಮನೆಗೆ ಬಂದ ಹೆಣ್ಣುಮಗಳು ಕುಂಕುಮ ತಗೊಳ್ದೆ ಹೋಗೋದುಂಟೇನಮ್ಮ? ಬಾ ಒಳಗೆ."

ಚಪ್ಪಲಿ ಮತ್ತೆ ಕಳಚಿ ಅವರ ಹಿಂದೆ ದೇವರ ಮನೆಗೆ ಹೋದೆ. ಪುಟ್ಟ ಗೂಡು, ನಾಲ್ಕೈದು ಪಟಗಳು, ಎರಡು ದೀಪ. ನಡುವೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಸಣ್ಣ ದನಿಯಲ್ಲಿ ಒಂದೇ ಮಂತ್ರವನ್ನು ಬಿಡದೆ ಹೇಳುತ್ತಿತ್ತು. ಕರೆಂಟಿಗೆ ಸಿಕ್ಕಿಸಿದರೆ ದಿನವಿಡೀ ತಾನಾಗಿ ಮಂತ್ರ ಹೇಳುವ ಅಂಥ ಪೆಟ್ಟಿಗೆಗಳು ಆಗಷ್ಟೇ ಮನೆಮನೆಗೂ ಬರುತ್ತಿದ್ದವು. ಪದ್ಮಾವತಮ್ಮ ಕುಂಕುಮದ ಬಟ್ಟಲು ಮುಂದೆ ಹಿಡಿದರು. ಬಗ್ಗಿ ಬೆರಳು ಅದ್ದುವಾಗ ಆ ಪೆಟ್ಟಿಗೆಯ ಹಿಂದಿನಿಂದ ಒಂದು ನೀಲಿ ಮೂಲೆ ಇಣುಕುತ್ತಿರುವುದು ಕಾಣಿಸಿತು. ಆಗಷ್ಟೇ ನನ್ನ ಕಣ್ಣೆದುರು ಲೇಬಲ್ ಅಂಟಿಸಿದ ಫ್ಲಾಪಿ! ಅದರ ಮೂಲೆಗೆ ಅರಿಶಿನ ಕುಂಕುಮ, ತಲೆಯ ಮೇಲೊಂದು ಸೇವಂತಿಗೆ.

"ಇದಿಲ್ಲಿ ಯಾಕಿದೆ ಅಮ್ಮ?"

"ದೊಡ್ಡ ಕೆಲಸ ಅಲ್ವೇ? ರಾತ್ರಿ ದೇವರ ಮುಂದಿಟ್ಟು ಬೆಳಿಗ್ಗೆ ಕೊಡ್ತೀನಿ ಅವಳಿಗೆ. ಎಣ್ಣೆ, ಹೂವಿನ ನೀರು ತಾಗ್ದಿರ್ಲಿ ಅಂತ ಪೆಟ್ಟಿಗೆ ಬೆನ್ನಿಗೆ ಒರಗಿಸ್ತೀನಿ. ಅಷ್ಟು ಜೋಪಾನ ಮಾಡ್ತೀನಿ ತಾಯಿ."

ಫ್ಲಾಪಿಯನ್ನು ಎತ್ತಿಕೊಂಡು, ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿದೆ. ಸೆರಗಿಗೆ ಚುಚ್ಚಿದ್ದ ಸೇಫ್ಟಿ ಪಿನ್ನನ್ನು ತೆಗೆದು ಅದರ ಬೆನ್ನಿನ ಹತ್ತಿರ ಹಿಡಿದೆ. ಪಿನ್ನು ಕೈಯಿಂದ ಜಿಗಿದು ಪೆಟ್ಟಿಗೆಗೆ ಟಪ್ಪೆಂದು ಅಂಟಿಕೊಂಡಿತು. ಮಂತ್ರ ಹೇಳುವ ಪೆಟ್ಟಿಗೆಯೊಳಗೆ ಸ್ಪೀಕರ್ ಇರುತ್ತದೆ, ಸ್ಪೀಕರಿನ ಬೆನ್ನಿಗೆ ಅಯಸ್ಕಾಂತ ಇರುತ್ತದೆ. ಕಾಂತಶಕ್ತಿಯಿಂದ ಬರೆದದ್ದನ್ನು ಅಯಸ್ಕಾಂತ ಅಳಿಸಿಬಿಡುತ್ತದೆ. ಚಿಲ್ಲರೆ ಕೆಲಸದ ಫ್ಲಾಪಿಗಳು ಉಳಿದದ್ದು ಅವುಗಳಿಗಾಗಿ ಯಾರೂ ದೇವರನ್ನು ಬೇಡಿಕೊಳ್ಳದೆ ಇದ್ದುದರಿಂದ. ಗಿರಿಜಾ ಇದನ್ನು ಹೇಳದಿದ್ದುದಕ್ಕೂ ಕಾರಣವಿತ್ತು. ದೇವರ ಮುಂದಿಡುವುದು ಕಂಪ್ಯೂಟರಿನ ಕೆಲಸವೆಂದು ಅವರಿಗೆ ಹೊಳೆಯುವುದಾದರೂ ಹೇಗೆ? ಪ್ರೆಸ್ಸಿನವರೂ ಆ ಕುಂಕುಮವನ್ನು ನೋಡಿರಲೇಬೇಕು. ನಮ್ಮ ಊರಿನಲ್ಲಿ ಕುಂಕುಮ ಕಂಡು ಯಾರು ಬೆಚ್ಚುತ್ತಾರೆ?

ಗಿರಿಜಾರನ್ನು ಕೂಗಿದೆ. "ಈ ಪೆಟ್ಟಿಗೆ ಮನೆಗೆ ಬಂದಿದ್ದು ಯಾವಾಗ?"

"ಗೌರಿ ಹಬ್ಬಕ್ಕೆ, ನಮ್ಮತ್ತೆ ತಮ್ಮ ತಂದುಕೊಟ್ಟಿದ್ದು" ಎಂದವರು, ಪೆಟ್ಟಿಗೆಗೆ ಅಂಟಿದ ಪಿನ್ನನ್ನು ನೋಡಿ ಅಲ್ಲೇ ನಿಂತುಬಿಟ್ಟರು.

ಊಹೆ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆ ಮಾಡದೆ ನಂಬಬಾರದು. ಬೆಳಿಗ್ಗೆ ಪ್ರೆಸ್ಸಿನಲ್ಲಿ ಓದಿದ ನನ್ನ ಫ್ಲಾಪಿಯನ್ನೇ ಪೆಟ್ಟಿಗೆಯ ಬೆನ್ನಿಗೆ ಒರಗಿಸಿದೆ. ಪದ್ಮಾವತಮ್ಮ ಕಾಫಿ ಮಾಡಿ ತಂದರು, ಮೂವರೂ ಕುಡಿದೆವು. ಆಮೇಲೆ ಫ್ಲಾಪಿಯನ್ನು ಡ್ರೈವಿಗೆ ಹಾಕಿದೆ. ಡ್ರೈವ್ ಕಟಕಟ ಎಂದು ಹಲ್ಲು ಕಡಿದು, ಓದಲಾಗದು ಎಂಬ ಸಂದೇಶವನ್ನು ಪರದೆಯ ಮೇಲೆ ತೋರಿಸಿತು. ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷದಿಂದ ನೋಡಿದ ಎರರ್ ಮೆಸೇಜ್ ಇನ್ನೊಂದಿಲ್ಲ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಗಿರಿಜಾ ನಗುತ್ತಿದ್ದರು, ಕಣ್ಣಲ್ಲಿ ನೀರು.

"ನನ್ ತಪ್ಪಲ್ಲ" ಎಂದರು. ಮತ್ತೊಮ್ಮೆ ಅದನ್ನೇ ಹೇಳಿದರು.

ಆಗ ನನಗೆ ಅತ್ತೆಯವರ ನೆನಪಾಯಿತು. ತಿರುಗಿ ನೋಡಲು ಭಯ. ತವರಿನಿಂದ ಬಂದ ಉಡುಗೊರೆ, ಅದೂ ದೇವರ ಮನೆಯದು. ಅದರಿಂದಲೇ ಕೆಲಸ ಹಾಳಾಯಿತು ಎಂದು ಇವತ್ತಷ್ಟೇ ಕಂಡ ಹುಡುಗಿ ಹೇಳಿದರೆ ಯಾರು ಸಹಿಸುತ್ತಾರೆ? ಪದ್ಮಾವತಮ್ಮ ಪರದೆಯನ್ನೊಮ್ಮೆ ನೋಡಿದರು. ಆಮೇಲೆ ದೇವರ ಮನೆಗೆ ಹೋಗಿ ವೈರು ಕಿತ್ತು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ನಡುಮನೆಯ ಮೂಲೆಯ ಸ್ಟೂಲಿನ ಮೇಲೆ ಇಟ್ಟರು.

"ದೇವರಿಗೇನು ಕಿವಿ ಮಂದವೇ? ಇಲ್ಲಿಂದ ಹೇಳಿದ್ರೂ ಕೇಳಿಸತ್ತೆ" ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಹೊಸದಾಗಿ ಮಾಡಿಕೊಡು. ನಾನಿಡೋದು ಇಟ್ಟೇ ಇಡ್ತೀನಿ" ಎಂದರು.

ಗಿರಿಜಾ ಮತ್ತೊಂದು ಫ್ಲಾಪಿ ಬರೆದುಕೊಟ್ಟರು. ಈ ಸಲ ಅದು ದೇವರ ಪಟಗಳ ಎದುರಿಗೆ ರಾಜಠೀವಿಯಿಂದ ಕೂತಿತು. ನಾನೊಂದು ನಕಲನ್ನು ನನ್ನ ಬ್ಯಾಗಿಗೂ ಹಾಕಿಕೊಂಡೆ. ಅದು ದೇವರ ಮೇಲಿನ ಅಪನಂಬಿಕೆಯಲ್ಲ, ಫ್ಲಾಪಿಯ ಮೇಲಿನದು.

ಶನಿವಾರ ಬೆಳಿಗ್ಗೆ ಪ್ರೆಸ್ಸಿನಲ್ಲಿ ಗಿರಿಜಾ ತಮ್ಮ ಕೈಯಾರೆ, ಕುಂಕುಮ ಹಚ್ಚಿದ ಆ ಫ್ಲಾಪಿಯನ್ನೇ ಡ್ರೈವಿಗೆ ತಳ್ಳಿದರು. ಶಾಲೆಯ ಹೆಸರಿನ ದೊಡ್ಡಕ್ಷರದ ಮೊದಲ ಪುಟ ಬಂತು. ಮುಖ್ಯೋಪಾಧ್ಯಾಯರ ಮಾತು ಬಂತು. ಪುಟದ ಮೇಲೆ ಪುಟ, ಕೊನೆಯ ವಂದನಾರ್ಪಣೆಯವರೆಗೆ ಒಂದು ಒತ್ತಕ್ಷರವೂ ಅಲುಗದೆ ಬಂತು. ನನ್ನ ಬ್ಯಾಗಿನ ನಕಲು ಬ್ಯಾಗಿನಲ್ಲೇ ಉಳಿಯಿತು. ಶಿವಣ್ಣ ಬಗ್ಗಿ ನೋಡಿ ನನ್ನ ಕಡೆ ತಿರುಗಿ, "ಏನ್ ರಿಪೇರಿ ಮಾಡಿದ್ರಿ ಮೇಡಂ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಹೇಳಿದರು: "ರಿಪೇರಿ ಏನಿರ್ಲಿಲ್ಲ ಸಾರ್. ಕೆಲಸ ಮೊದ್ಲಿಂದ್ಲೂ ಸರಿಯಾಗೇ ಇತ್ತು."

ಶಿವಣ್ಣ ಒಳಗಿನಿಂದ ಮುಂದಿನ ಕೈಬರಹದ ಕಟ್ಟನ್ನು ತಂದು ಅವರ ಕೈಗಿತ್ತರು. ಅದು ಸಂಚಿಕೆಗಿಂತಲೂ ದಪ್ಪವಾಗಿತ್ತು.

ನಾನು ಆಫೀಸಿಗೆ ಮರಳಿ ವಿಷಯ ಹೇಳಿದಾಗ ಪ್ರಭಾಕರ್, "ನಂಗ್ಯಾಕೆ ಯಾರೂ ಕುಂಕುಮ ಕೊಡ್ಲಿಲ್ಲ?" ಎಂದು ಗೊಣಗಿದ. ಅವನ ಗೊಣಗಾಟದಲ್ಲಿ ನ್ಯಾಯವಿತ್ತು. ಆ ಮನೆಯ ಒಳಕೋಣೆಗೆ ಅವನು ಹೋಗುವಂತೆಯೇ ಇರಲಿಲ್ಲ. ಯಂತ್ರದ ದೋಷ ಯಾವಾಗಲೂ ಯಂತ್ರದೊಳಗೇ ಇರುವುದಿಲ್ಲ ಎನ್ನುವುದನ್ನು ಆ ವಾರ ಕಲಿತೆ. ಆಮೇಲೆ ವೃತ್ತಿಯಲ್ಲಿ ಇದ್ದಷ್ಟು ಕಾಲ, ಯಾವ ಮನೆಗೆ ಹೋದರೂ ಸಿಪಿಯು ಬಿಚ್ಚುವ ಮೊದಲು ಅಲ್ಲಿ ಕೆಲಸ ಹೇಗೆ ಶುರುವಾಗುತ್ತದೆ, ಮುಗಿದ ಮೇಲೆ ಯಾರ ಯಾರ ಕೈ ದಾಟುತ್ತದೆ ಎಂದು ಕೇಳಿಕೊಳ್ಳುತ್ತಿದ್ದೆ. ಅವರು ಕಾಫಿ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ. ಕಿರಿಯರಿಗೂ ಇದನ್ನೇ ಹೇಳಿಕೊಟ್ಟೆ.

ಭಾನುವಾರದ ಸಂಗತಿಯನ್ನು ಗಿರಿಜಾ ಆಮೇಲೆ ಫೋನಿನಲ್ಲಿ ಹೇಳಿದರು. ಕಂಪ್ಯೂಟರ್ ಕೊಳ್ಳುವವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರಂತೆ. ಗಂಡ ಏನು ಹೇಳುವುದೆಂದು ತಡವರಿಸುತ್ತಿದ್ದಾಗ ಪದ್ಮಾವತಮ್ಮ ಹೊರಗೆ ಬಂದು, ಮುಂದಿನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ನಿಂತರಂತೆ.

"ಕೂತ್ಕೊಂಡು ಕಾಫಿ ಕುಡೀಪ್ಪ. ಆದ್ರೆ ಒಳಗೆ ಬರ್ಬೇಡ, ನನ್ ಸೊಸೆ ಕೆಲಸ ಮಾಡ್ತಿದಾಳೆ."